ಬೇಡ ಎನ್ನಲಾಗದ ಚಹಾ

ಸಿಂಧನೂರಿನಲ್ಲಿ ಮನೆ ಹಿಡಿದ ದಿನ ನಾನು ಬೆಚ್ಚಿಬಿದ್ದದ್ದು ಓನರ್ ಒಳಗೆ ಬಂದದ್ದಕ್ಕೆ. ಬಾಗಿಲಲ್ಲಿ ನಿಂತು ಕೂಗಲಿಲ್ಲ, ಅಂಗಳದಲ್ಲಿ ನಿಂತು ಕೆಮ್ಮಲಿಲ್ಲ. ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಬಂದರು, ಇದ್ದ ಒಂದೇ ಕುರ್ಚಿಯಲ್ಲಿ ಕೂತರು, "ಫ್ಯಾನ್ ಜೋರ್ ಮಾಡಪ, ಏನ್ ಧಗಿ ಇದು" ಅಂದರು. ನಾನು ಬಾಯಿ ತೆರೆದು ನಿಂತೆ. ನಮ್ಮೂರಿನಲ್ಲಿ ಮೇಲಿನ ಓಣಿಯವರು ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಓಟು ಕೇಳಲು ಬಂದಾಗಲೂ ಅವರು ಬೇವಿನ ಗಿಡದ ಕೆಳಗೇ ನಿಂತು ಕೈಮುಗಿಯುತ್ತಾರೆ. ಮುಗಿಯುವುದು ನಮಗೋ ಬೇವಿಗೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ದೂರದೇಶಕ್ಕೆ ಹೋದವರು ಬರೆಯುವ ಕಥನಗಳನ್ನು ನಾನೂ ಓದಿದ್ದೇನೆ. ಅವರ ಊರಲ್ಲಿ ಹಿಮ ಬೀಳುತ್ತದೆ, ವಿಮಾನ ತಪ್ಪುತ್ತದೆ. ನನ್ನ ವಲಸೆ ಅಷ್ಟು ದುಬಾರಿಯದಲ್ಲ. ಗುರುಗುಂಟಾದಿಂದ ಇನ್ನೊಂದಿಷ್ಟು ಒಳಗಿರುವ ನಮ್ಮ ಹಳ್ಳಿಯಿಂದ ಲಿಂಗಸುಗೂರಿಗೆ ಟಂಟಂ ಆಟೊ, ಅಲ್ಲಿಂದ ಮಸ್ಕಿ ಹಾದು ಸಿಂಧನೂರಿಗೆ ಬಸ್ಸು. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ತಿನ್ನುವ ಮಿರ್ಚಿ ಭಜಿಯೇ ನನ್ನ ಪಾಲಿನ ವಿಮಾನ ನಿಲ್ದಾಣ.

ಆದರೂ ಇಳಿದದ್ದು ಬೇರೆ ದೇಶದಲ್ಲೇ. ನಮ್ಮ ಕಡೆ ಮುಗಿಲು ನೋಡಿ ಬಿತ್ತುವ ಸಜ್ಜೆ, ತೊಗರಿ. ಇಲ್ಲಿ ಕಾಲುವೆ ನೀರು ನಿಂತ ಗದ್ದೆಗಳು, ಒಣಹಾಕಿದ ಅಂಗಿಯ ಮೇಲೆ ಅಕ್ಕಿ ಗಿರಣಿಯ ಹೊಟ್ಟಿನ ಧೂಳು. ಅಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು, ಇಲ್ಲಿ ಅನ್ನದ ಕುಕ್ಕರ್ ಸೀಟಿಗೆ. ಊರ ಸುತ್ತ 'ಕ್ಯಾಂಪು'ಗಳಿವೆ. ಡೇರೆ ಹಾಕಿರುತ್ತಾರೆ ಎಂದುಕೊಂಡಿದ್ದೆ. ಅಲ್ಲ, ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳವು. ಹಾಗಾಗಿ ಸಂತೆಯಲ್ಲಿ ಬದನೆಕಾಯಿ ದರ ಕೇಳಿದರೆ ಅರ್ಧ ಉತ್ತರ ತೆಲುಗಿನಲ್ಲಿ ಬರುತ್ತದೆ.

ಭಾಷೆ ನನಗೆ ಕಷ್ಟವಾಗಲಿಲ್ಲ. ಕಿವಿಗೆ ಬಿದ್ದದ್ದನ್ನು ಬಾಯಿಂದ ವಾಪಸ್ ಕೊಡುವುದು ನನ್ನ ಹುಟ್ಟುಚಾಳಿ. ಬಂದ ಸ್ವಲ್ಪ ದಿನಕ್ಕೇ ಕ್ಯಾಂಪಿನ ಮುದುಕ, ಸಿಟ್ಟಿನ ಕಂಡಕ್ಟರ್, ಸೂಜಿ ಕಂಡರೆ ಅಳುವ ಪೈಲ್ವಾನ, ಎಲ್ಲರ ದನಿಗಳೂ ನನ್ನ ಗಂಟಲಲ್ಲಿ ಮನೆ ಹಿಡಿದವು. ಅವರಿಗೆ ಅಲ್ಲಿ ಯಾರೂ ಅಡ್ವಾನ್ಸ್ ಕೇಳಲಿಲ್ಲ. ಸಂಜೆ ಕಟ್ಟೆಯ ಮೇಲೆ ಓಣಿಯ ಮಂದಿ ಸೇರಿದರೆ ನನ್ನನ್ನು ಕರೆಯುತ್ತಿದ್ದರು. ಓನರ್ ಶಂಕ್ರಪ್ಪ ಕಾಕಾ ತಾವೇ ಮುಂದಾಗಿ, "ಲೇ ಗೌತಮ, ನನ್ನಂಗ ಮಾಡಲೇ ಒಮ್ಮಿ" ಅನ್ನುವರು. ನಾನು ಗಂಟಲು ಕೆರೆದು, ಹೊಟ್ಟೆ ಮುಂದೆ ಮಾಡಿ, "ಏನಪಾ ಅಂದ್ರ, ನಾವು ಅದೇನೂ ನೋಡಂಗಿಲ್ಲ" ಎಂದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುವರು.

ಆ ಮಾತು ನನಗೆ ಸಿಕ್ಕಿದ್ದು ಮನೆ ಕೇಳಲು ಹೋದಾಗ. "ಯಾವ ಪೈಕಿ ನೀವು?" ಅಂದಿದ್ದರು. ಬೌದ್ಧರು ಅಂದೆ. ಓನರ್ ಒಮ್ಮೆ ಸೂರು ನೋಡಿದರು, ಒಮ್ಮೆ ನನ್ನನ್ನು. "ಇರ್ಲಿ ಬಿಡಪ. ಈಗ ಯಾರ್ ನೋಡ್ತಾರ ಅದನ್ನೆಲ್ಲ. ನಾವು ಅದೇನೂ ನೋಡಂಗಿಲ್ಲ." ನಮ್ಮ ಮನೆತನ ಬೌದ್ಧವಾದದ್ದು ಅಜ್ಜನ ಕಾಲಕ್ಕೆ. ಅದಕ್ಕೂ ಮುಂಚೆ ಊರು ನಮ್ಮನ್ನು ಏನೆಂದು ಕರೆಯುತ್ತಿತ್ತೋ ಈಗಲೂ ಹಾಗೇ ಕರೆಯುತ್ತದೆ, ದನಿ ಸ್ವಲ್ಪ ತಗ್ಗಿಸಿ.

ಮೊದಲ ದಿನ ಓನರ್ ಕುರ್ಚಿಯಲ್ಲಿ ಕೂತಾಗ ನಾನು ಖುಷಿಗೆ ಒಲೆಗೆ ಓಡಿದ್ದೆ. "ಬ್ಯಾಡಪ, ಈಗ ಕುಡದು ಬಂದೀನಿ" ಅಂದರು. ನಂಬಿದೆ. ಮುಂದಿನ ಸಲ ಹೊಟ್ಟೆ ತುಂಬಿತ್ತು. ಅದರಾಚೆಯ ಸಲ ಪಿತ್ತವಾಗಿತ್ತು. ಎದುರುಮನೆಯವರು ಬಂದು ನನ್ನ ಫ್ರಿಜ್ಜಿನಲ್ಲಿ ಔಷಧಿ ಇಟ್ಟು ಹೋದರು, ಪಕ್ಕದವರು ಮಗುವಿನ ರಕ್ತ ತೆಗೆಸಿಕೊಂಡು ಹೋದರು. ಚಹಾ ಮಾತ್ರ ಎಲ್ಲರಿಗೂ ಈಗಷ್ಟೇ ಆಗಿರುತ್ತಿತ್ತು. ನಾನು ಕೆಲಸ ಮಾಡುವುದು ಲ್ಯಾಬಿನಲ್ಲಿ, ರಕ್ತ ತೆಗೆಯುವವನು. ಇಡೀ ಓಣಿ ನನ್ನ ಮುಂದೆ ತೋಳು ಚಾಚುತ್ತದೆ, ನನ್ನ ಗ್ಲಾಸಿಗೆ ಮಾತ್ರ ಕೈ ಚಾಚುವುದಿಲ್ಲ. ಒಳಗಿನದನ್ನು ಕೊಡಬಹುದು, ಒಳಗೆ ತಗೊಳ್ಳಬಾರದು. ಊರಿನಲ್ಲಿ ಇಷ್ಟು ಗೊಂದಲವಿರಲಿಲ್ಲ. ಅಲ್ಲಿ ಬರುವವರೇ ಇಲ್ಲ, ನೆಪದ ಮಾತೆಲ್ಲಿ. ಇಲ್ಲಿ ಬಾಗಿಲು ದೊಡ್ಡದು, ಬಾಯಿ ಸಣ್ಣದು.

ನಾನು ಇದನ್ನು ತಮಾಷೆ ಮಾಡಿಕೊಂಡು ಇದ್ದುಬಿಡುತ್ತಿದ್ದೆ. ಆಗದಂತೆ ಮಾಡಿದವಳು ಅವ್ವ. ನಮ್ಮೂರ ಹೋಟೆಲಿನಲ್ಲಿ ಬೇರೆಯವರಿಗೆ ಗಾಜಿನ ಗ್ಲಾಸು, ನಮಗೆ ಕಾಗದದ ಕಪ್ಪು. ಕೇಳಿದರೆ ಸ್ವಚ್ಛತೆ ಅನ್ನುತ್ತಾರೆ. ಅವ್ವ ಹೊರಗೆ ಚಹಾ ಕುಡಿಯುವುದನ್ನೇ ಬಿಟ್ಟವಳು. ನಾನು ಸಿಂಧನೂರಿಗೆ ಹೊರಟಾಗ ಲಿಂಗಸುಗೂರಿನ ಪೇಟೆಯಲ್ಲಿ ಹೂವಿನ ಚಿತ್ರದ ಗಾಜಿನ ಗ್ಲಾಸುಗಳ ಸೆಟ್ಟು ಕೊಡಿಸಿದಳು. "ದೊಡ್ಡೂರು, ಮಂದಿ ಬರ್ತಾರ. ಬೇಕಾಗ್ತಾವ" ಅಂದಳು. ದಿನಾ ಸಂಜೆ ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವ ಮೊದಲೇ, "ಇವತ್ತ ಯಾರ್ ಬಂದಿದ್ರೊ ಮನಿಗಿ? ಚಾ ಕುಡದ್ರೇನು?" ಅನ್ನುವಳು.

ಇಲ್ಲ ಎಂದು ಹೇಗೆ ಹೇಳಲಿ? ನನ್ನ ಬಾಯಿ ನನಗಿಂತ ಮುಂದೆ ಓಡಿತು. "ತಡಿಯವಾ, ಓನರ್ ಇಲ್ಲೇ ಅದಾರ" ಎಂದು ಫೋನು ಸ್ವಲ್ಪ ದೂರ ಹಿಡಿದು, ಗಂಟಲು ಕೆರೆದು, "ಏನಪಾ ಗೌತಮ, ಚಾ ಭಾಳ ಚೊಲೊ ಆಗೇತಿ. ಇನ್ನ ಅರ್ಧ ಗ್ಲಾಸ್ ಹಾಕು" ಅಂದೆ.

ಆಚೆಯಿಂದ ಅವ್ವ, "ಹಾಕಲೇ, ಹಾಕು. ಕೈ ಹಿಡಿದು ಹಾಕಬ್ಯಾಡ" ಅಂದಳು.

ಅಂದಿನಿಂದ ನನ್ನ ಖಾಲಿ ಕೋಣೆಯಲ್ಲಿ ದಿನಾ ಸಂಜೆ ಸಂತೆ. ಒಬ್ಬೊಬ್ಬರಾಗಿ ಇಡೀ ಓಣಿಗೆ ಚಹಾ ಕುಡಿಸಿದೆ. ಫೋನಿಟ್ಟ ಮೇಲೆ ಮಾತ್ರ ಕೋಣೆ ಮೊದಲಿಗಿಂತ ಖಾಲಿ ಕಾಣುತ್ತಿತ್ತು. ಹೀಗಿರುವಾಗ ಬೇಸಿಗೆಯಲ್ಲಿ ಅವ್ವ ಘೋಷಿಸಿದಳು: "ಮುಂದಿನ ಐತಾರ ಬರ್ತೀನಿ. ನಿಮ್ಮ ಓನರಪ್ಪನ ಒಮ್ಮಿ ಕಣ್ಲೆ ನೋಡಬೇಕು."

ಅವ್ವನ ಎದುರು ಓನರ್ ಒಂದೇ ಒಂದು ಗ್ಲಾಸು ಕುಡಿಯಬೇಕು, ಅಷ್ಟೇ. ಇದ್ದಬದ್ದ ನೆಪಗಳನ್ನೆಲ್ಲ ನೆನಪಿಸಿಕೊಂಡೆ. ಇತ್ತೀಚೆಗೆ ಅವರು ಒಂದನ್ನೇ ಹಿಡಿದಿದ್ದರು: "ಈ ಧಗ್ಯಾಗ ಬಿಸಿ ಚಾ ಯಾರ್ ಕುಡೀತಾರಪ." ಸರಿ, ಬಿಸಿ ತಾನೇ ಬೇಡ? ಫೋನಿನಲ್ಲಿ ವಿಡಿಯೊ ನೋಡಿ ಐಸ್ ಹಾಕಿದ ಸಿಹಿ ಚಹಾ ಕಲಿಯಲು ಕೂತೆ. ಸಿಂಧನೂರಿನ ಬೇಸಿಗೆಯಲ್ಲಿ ತಣ್ಣನೆಯ ಗ್ಲಾಸನ್ನು ಬೇಡ ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ನನ್ನ ಲೆಕ್ಕ.

ಮೊದಲ ಸಲ ಚಹಾ ತಣ್ಣಗಾದ ಮೇಲೆ ಸಕ್ಕರೆ ಹಾಕಿದೆ. ಎಷ್ಟು ತಿರುವಿದರೂ ಕರಗದೆ ಹಳ್ಳದ ಉಸುಕಿನಂತೆ ತಳ ಹಿಡಿಯಿತು. ಎರಡನೆಯ ಸಲ, ನಮ್ಮೂರ ಅಭ್ಯಾಸದಂತೆ ಪುಡಿ ಹಾಕಿ ಗಳಗಳ ಕುದಿಸಿದೆ. ಊರಿನ ಬೋರಿನ ಸವಳು ನೀರಿಗೆ ಹಾಗೆ ಕುದಿಸದಿದ್ದರೆ ಬಣ್ಣವೇ ಬರದು, ಆಮೇಲೆ ಹಾಲು ಬಿದ್ದು ಎಲ್ಲ ಮುಚ್ಚಿಹೋಗುತ್ತದೆ. ಇಲ್ಲಿ ಕಾಲುವೆಯ ಸಿಹಿನೀರು, ಮುಚ್ಚಲು ಹಾಲೂ ಇಲ್ಲ. ನಾಲಿಗೆ ಒಣಗುವಷ್ಟು ಒಗರು, ಕಹಿ. ಕೊನೆಗೆ ಹದ ಸಿಕ್ಕಿತು. ನೀರು ಮರಳಿದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ತಟ್ಟೆ ಮುಚ್ಚಿ, ಬಣ್ಣ ಬಿಟ್ಟ ಕೂಡಲೇ ಸೋಸಬೇಕು. ಸೋಸುವಾಗ ಚರಟವನ್ನು ಹಿಂಡಬಾರದು, ಹಿಂಡಿದರೆ ಕಹಿ ಇಳಿಯುತ್ತದೆ. ಸಕ್ಕರೆ ಬಿಸಿ ಇರುವಾಗಲೇ, ಧಾರಾಳವಾಗಿ. ಪೂರ್ತಿ ಆರಿದ ಮೇಲಷ್ಟೇ ಫ್ರಿಜ್ಜು, ಇಲ್ಲದಿದ್ದರೆ ಕದಡಿದಂತಾಗುತ್ತದೆ. ಲಿಂಬೆರಸ, ಪುದೀನಾ, ಐಸು ಕಡೆಯಲ್ಲಿ. ಐಸಿಗೆ ಮಾತ್ರ ಕರೆಂಟಿನವರ ಆಶೀರ್ವಾದ ಬೇಕು.

ರುಚಿ ನೋಡಲು ಬಂದವನು ಖಾಜಾ, ಲ್ಯಾಬಿನಲ್ಲಿ ನನ್ನ ಜೊತೆಗಾರ. ನನ್ನ ಮನೆಯಲ್ಲಿ ಬಾಯಿ ಹಚ್ಚಿ ಕುಡಿಯುವ ಒಬ್ಬನೇ ಗೆಳೆಯ. ಲ್ಯಾಬಿನ ಸ್ಯಾಂಪಲ್ ನೋಡುವವನಂತೆ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ.

"ಅರೇ ಯಾರ್, ಇದಕ್ಕ ಹೆಸರು ಬರದು ಲೇಬಲ್ ಹಚ್ಚಬೇಕಲ್ಲ? ಮುಂಜಾನಿದೋ, ಊಟ ಆದಮ್ಯಾಲಿಂದೋ?"

"ಕುಡಿಲೇ ಸುಮ್ನ."

ಸುರ್ ಎಂದು ಓಣಿಗೆ ಕೇಳುವಂತೆ ಎಳೆದ. ಮತ್ತೊಂದು ಗ್ಲಾಸು ಕೇಳಿದ. ಆಮೇಲೆ, "ಯಾರ ಸಲುವಾಗಿ ಇಷ್ಟೆಲ್ಲ?" ಅಂದ. ಹೇಳಿದೆ. ಖಾಜಾ ಐಸಿನ ತುಂಡು ಅಗಿಯುತ್ತ, "ನೀ ಚಾಕ್ಕ ಇಲಾಜ್ ಮಾಡಾಕತ್ತಿ ಬೇ. ಬೀಮಾರಿ ಚಾದಾಗ ಇಲ್ಲ" ಅಂದ. ರೋಗ ಚಹಾದ್ದಲ್ಲ ಎಂಬ ಅವನ ಮಾತಿಗೆ ನಾನು ಅವನ ದನಿಯಲ್ಲೇ ಉತ್ತರ ಕೊಟ್ಟು ನಗಿಸಿದೆ. ಮುಂದಿನ ಮಾತು ಬೇಡವಾದಾಗ ನಾನು ಮಾಡುವುದೇ ಅದು.

ಐತಾರ ಅವ್ವ ಬಂದಳು. ಗ್ಲಾಸುಗಳನ್ನು ಒಂದೊಂದೇ ತೆಗೆದು ನೋಡಿದಳು. "ಹೂವಿನ ಚಿತ್ರ ಒಂದೂ ಮಾಸಿಲ್ಲಲೋ" ಎಂದಳು, ಅಷ್ಟೇ. ಮಧ್ಯಾಹ್ನ ನಳ ರಿಪೇರಿಯ ನೆಪದಲ್ಲಿ ಓನರನ್ನು ಕರೆತಂದೆ. ಕುರ್ಚಿಯಲ್ಲಿ ಕೂತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಆರಾಮವಾ? ನಿನ್ನ ಮಗ ಭಾರಿ ಕಲಾಕಾರ ನೋಡು. ನನ್ನ ದನಿ ತೆಗದ್ರ ನನ್ನ ಹೆಂಡ್ತೀನೇ ಒಮ್ಮಿ ಓ ಅಂದುಬಿಟ್ಟಿದ್ಲು!"

ಅವ್ವ ನನ್ನ ಕಡೆ ನೋಡಲಿಲ್ಲ. "ಹೌದೇನ್ರೀ ಯಪ್ಪಾ" ಅಂದಳು.

ನಾನು ಗ್ಲಾಸು ತಂದು ಕೈಗೇ ಕೊಟ್ಟೆ. ಐಸು ಕಿಣಿಕಿಣಿ ಅನ್ನುತ್ತಿತ್ತು, ಗಾಜಿನ ಮೇಲೆ ಹನಿಗಳು ಮೂಡಿದ್ದವು. "ತಣ್ಣಂದು ರೀ ಕಾಕಾ. ಬಿಸಿ ಅಲ್ಲ."

ಓನರ್ ತಗೊಂಡರು. ಹೌದು, ತಗೊಂಡರು. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅವ್ವ ಸೆರಗಿನ ತುದಿ ಹಿಡಿದು ಕೂತಿದ್ದಳು. ಅವರಿಗೆ ಅದು ಬೇಕಿತ್ತು, ಆಣೆ ಮಾಡಿ ಹೇಳುತ್ತೇನೆ, ಬೇಕಿತ್ತು. ಕಣ್ಣು ತೆರೆದು ಗ್ಲಾಸನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಸಕ್ಕರಿ ಹಾಕಿರ್ತಿ. ನಂಗ ಶುಗರ್ ಐತಪ."

ಅದೇ ವಾರ ಅವರ ರಕ್ತ ತೆಗೆದವನು ನಾನು. 'ಈ ವಯಸ್ಸಿಗೂ ಶುಗರ್ ಇಲ್ಲ' ಎಂದು ಕಟ್ಟೆಯ ಮೇಲೆ ಎದೆ ತಟ್ಟಿಕೊಂಡವರು ಅವರು. "ಕಾಕಾ, ಮೊನ್ನೆ ಇರಲಿಲ್ಲಲ್ರೀ?" ಅಂದೆ.

ಓನರ್ ನನ್ನನ್ನೇ ನೋಡಿದರು. ನಗು ಒಂದಿಷ್ಟೂ ಕದಲಲಿಲ್ಲ. "ಮೊನ್ನೆ ಇರಲಿಲ್ಲ. ಇವತ್ತ ಬಂದೈತಿ."

ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವ್ವನಿಗೆ, "ಏನೂ ಚಿಂತಿ ಮಾಡಬ್ಯಾಡವಾ, ನಿನ್ನ ಮಗ ನಮ್ಮ ಮನಿ ಹುಡುಗ ಇದ್ದಂಗ. ನಾವು ಅದೇನೂ ನೋಡಂಗಿಲ್ಲ" ಎಂದು ಹೋದರು.

ಐಸು ಕರಗಿ ಗ್ಲಾಸಿನ ಸುತ್ತ ನೀರಿನ ಬಳೆ ಮೂಡಿತು. ನನ್ನ ಬಳಿ ಇಷ್ಟೊಂದು ದನಿಗಳಿದ್ದವು, ಒಂದೂ ಹೊರಡಲಿಲ್ಲ. ಅವ್ವ ಎದ್ದು ಆ ಗ್ಲಾಸು ತಗೊಂಡಳು. ನಿಂತಲ್ಲೇ ಪೂರ್ತಿ ಕುಡಿದು ಬಾಯಿ ಒರೆಸಿಕೊಂಡಳು. ಗಂಟಲು ಕೆರೆದಳು. "ಏನಪಾ ಗೌತಮ, ಚಾ ಭಾಳ ಚೊಲೊ ಆಗೇತಿ. ಇನ್ನ ಅರ್ಧ ಗ್ಲಾಸ್ ಹಾಕು."

ಥೇಟ್ ಓನರ್. ನನಗಿಂತ ಚೆನ್ನಾಗಿ. ನನ್ನ ಚಾಳಿ ಎಲ್ಲಿಂದ ಬಂದದ್ದು ಎಂದು ಆ ದಿನ ತಿಳಿಯಿತು. ಅರ್ಧ ಅಲ್ಲ, ತುಂಬ ಹಾಕಿದೆ.

"ಮೊದ್ಲೇ ಗೊತ್ತಿತ್ತೇನವಾ?"

"ಮಂದಿ ಚಾ ಕುಡದ್ರ ಸುರ್ ಅಂತ ಸಪ್ಪಳ ಬರ್ತೈತಲೋ ಯಪ್ಪಾ. ನೀ ಎಲ್ಲಾರ ಮಾತು ಕೇಳಿಸ್ತಿದ್ದಿ. ಒಬ್ಬರ ಸುರುಕಾನೂ ಕೇಳಿಸಲಿಲ್ಲ."

ನಿಜ. ಇಡೀ ಓಣಿಯ ಕೆಮ್ಮು, ನಗು, ಬೈಗುಳ ನನ್ನಲ್ಲಿವೆ. ಅವರು ಕುಡಿಯುವ ಸಪ್ಪಳ ಮಾತ್ರ ಇಲ್ಲ. ಕೇಳಿದ್ದರೆ ತಾನೇ ತೆಗೆಯಲು? ಸಂಜೆ ಖಾಜಾ ಬಂದು ಅವ್ವನ ಎದುರು ಸುರ್ ಸುರ್ ಎಂದು ಎರಡು ಗ್ಲಾಸು ಎಳೆದ. ಅವ್ವ ಅವನ ಬಾಯನ್ನೇ ನೋಡುತ್ತ ಕೂತಿದ್ದಳು.

ಓನರ್ ಈಗಲೂ ಬರುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ. ಕಟ್ಟೆಯ ಮೇಲೆ ನಾನು ಅವರ ದನಿ ತೆಗೆದರೆ ನಗುತ್ತಾರೆ, ಮೊದಲಿನಷ್ಟು ಜೋರಾಗಿ ಅಲ್ಲ. ಇಲ್ಲಿ ನಾನು ಲಿಂಗಸುಗೂರು ಕಡೆಯವನು. ಊರಿಗೆ ಹೋದರೆ "ಸಿಂಧನೂರಾಂವ ಬಂದ, ಅನ್ನ ಮಾಡ್ರಿ" ಎಂದು ನಮ್ಮ ಓಣಿಯವರೇ ಕಾಡುತ್ತಾರೆ, ಹೋಟೆಲಿನವನು ಕಾಗದದ ಕಪ್ಪು ತೆಗೆಯುತ್ತಾನೆ. ಎರಡು ಊರಿಗೂ ನಡುವೆ, ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ, ನಾನು ಯಾವ ಪೈಕಿ ಎಂದು ಯಾರಿಗೂ ಗೊತ್ತಿಲ್ಲ. ಬಸ್ಸು ಹೊರಡುವ ತನಕ ಅಲ್ಲಿ ಗಾಜಿನ ಗ್ಲಾಸಿನಲ್ಲಿ ಕುಡಿಯುತ್ತೇನೆ. ಅಲ್ಲೇ ಮನೆ ಮಾಡೋಣವೆಂದರೆ, ಮನೆ ಕೇಳಿದ ಕೂಡಲೇ ಅವರೂ ಕೇಳುತ್ತಾರೆ.

ಅವ್ವನ ಫೋನು ನಿಂತಿಲ್ಲ. ನಿನ್ನೆಯೂ ಕೇಳಿದಳು, "ಯಾರ್ ಬಂದಿದ್ರೊ?"

"ಓನರ್ ಬಂದಾರವಾ. ಇಲ್ಲೇ ಕುಂತು ತಣ್ಣನ ಚಾ ಕುಡಿಯಾಕತ್ತಾರ. ಕೇಳು." ಗಂಟಲು ಕೆರೆದೆ. ಈ ಸಲ ಮರೆಯದೆ, ಮಾತಿಗೆ ಮೊದಲು ಸುರ್ ಎಂದು ಉದ್ದಕ್ಕೆ ಎಳೆದೆ.

ಅವ್ವ ಕಿವಿಗೊಟ್ಟು ಆಲಿಸಿದಳು.

"ಇದು ಖಾಜಾನ ಸುರುಕಾ" ಅಂದಳು.

"ಹೂಂ."

"ಇರ್ಲಿ. ಇನ್ನೊಮ್ಮಿ ಮಾಡು."