ಶಾಂತಕ್ಕನ ಮುಯ್ಯಿ

ಶಾಂತಕ್ಕ ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ಕುಡಿಯುವುದು ದೂರದ ಮಾತು, ಕೂಡುತ್ತಲೂ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಕೈ ಊರಿ ನಿಂತೇ ಮಾತಾಡುವಳು. "ಕುಂತ್ರ ಚಾ ಕೊಡ್ತಾರ. ಚಾ ಕೊಟ್ರ ಕೊಡೂದು ಮುಗೀತು ಅಂತಾರ. ನಾವು ಬಂದಿದ್ದು ಚಾಕ್ಕ ಅಲ್ಲ, ತಂಗಿ," ಎಂದು ಬೀದಿಗೆ ಬಂದ ಮೇಲೆ ನನಗೆ ಪಾಠ ಬೇರೆ. ಅವಳ ಹಿಂದೆ ತಿರುಗಿ ನನ್ನ ಚಪ್ಪಲಿ ಸವೆದವು, ಒಂದು ಗುಟುಕು ಚಹಾ ಮಾತ್ರ ಸಿಗಲಿಲ್ಲ.

ತಿರುಗಿದ್ದು ಕುಕನೂರಿನ ಹಳೆಯ ಎಣ್ಣೆ ಮಿಲ್ಲಿಗಾಗಿ. ಕಲ್ಲಿನ ಗೋಡೆ, ತಗಡಿನ ಸೂರು. ಬಿಸಿಲೇರಿದರೆ ಈಗಲೂ ಕುಸುಬಿ ಎಣ್ಣೆಯ ವಾಸನೆ. ಮಿಲ್ಲು ನಿಂತ ಮೇಲೆ ಅದನ್ನು ಬಾಡಿಗೆಗೆ ಹಿಡಿದು ನಮ್ಮ ಸಂಘದ ಹೆಣ್ಣುಮಕ್ಕಳು ರೊಟ್ಟಿ ಬಡಿದು ಮಾರುತ್ತಿದ್ದೆವು. ಶಾಂತಕ್ಕ ನಮಗೆಲ್ಲ ಹಿರಿಯಳು. ಸಂಜೆ ಅಲ್ಲೇ ಓಣಿಯ ಮಕ್ಕಳು ಓದುತ್ತಿದ್ದವು, ಸೊಸೆಯಂದಿರ ಜೊತೆ ಜಗಳಾಡಿದ ಮುದುಕಿಯರು ಬಂದು ಕೂಡುತ್ತಿದ್ದರು. ಮಾಲೀಕರ ಮಕ್ಕಳು ಮಿಲ್ಲು ಮಾರಲು ಹೊರಟರು. ಯುಗಾದಿಯೊಳಗೆ ನಾವು ಕೊಳ್ಳದಿದ್ದರೆ ಅದು ಗೋದಾಮಿನವರ ಪಾಲು.

"ಕೊಂಡುಬಿಟ್ರ ಊರಿಗೇ ಒಂದು ಮನಿ ಆಗ್ತೈತಿ. ರೊಟ್ಟಿ ಮಾರಿ ಅದು ತನ್ನ ಹೊಟ್ಟಿ ತಾನ ತುಂಬ್ಕೋತೈತಿ. ಆಮ್ಯಾಲೆ ಯಾರ ಮುಂದೂ ಕೈ ಒಡ್ಡೂದು ಬ್ಯಾಡ," ಎಂದಳು ಶಾಂತಕ್ಕ. ಮೊದಲು ಒಡ್ಡಬೇಕಿತ್ತಲ್ಲ, ಅದೇ ಕಷ್ಟ. ದೇಣಿಗೆ ಎಂದ ಕೂಡಲೇ ಜನ ಗುಡಿಗೆ ಕೊಟ್ಟದ್ದು, ದರ್ಗಾಕ್ಕೆ ಕೊಟ್ಟದ್ದು ಎಲ್ಲ ನೆನಪು ಮಾಡಿಕೊಳ್ಳುತ್ತಿದ್ದರು.

ಹನುಮಸಾಗರದ ಕಾಳಿನ ವ್ಯಾಪಾರಿಯೊಬ್ಬರು, "ಮೊದಲ ಚಾ ಕುಡೀರಿ, ಆಮ್ಯಾಲೆ ನೋಡೂಣು," ಎಂದರು. ಶಾಂತಕ್ಕ ನಿಂತಲ್ಲೇ ಕೇಳಿದಳು: "ನಿಮ್ಮ ಮಗಳ ಮದಿವ್ಯಾಗ ನಾ ಮುಯ್ಯಿ ಮಾಡಿದ್ದಿಲ್ಲೇನ್ರಿ? ಈಗ ನಮ್ಮನಿ ಕಾರ್ಯ ಐತಿ. ಮುಯ್ಯಿ ಮಾಡ್ರಿ." ವ್ಯಾಪಾರಿ ಒಳಗೆ ಹೋಗಿ ರೊಕ್ಕ ತಂದು ಕೊಟ್ಟರು. ಒಬ್ಬರ ಕಾರ್ಯದಲ್ಲಿ ಕೊಟ್ಟದ್ದನ್ನು ಇನ್ನೊಬ್ಬರ ಕಾರ್ಯದಲ್ಲಿ ತಿರುಗಿಸುವ ಮುಯ್ಯಿಗೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಅಂದಿನಿಂದ ಯಲಬುರ್ಗಾ, ತಳಕಲ್ ಎನ್ನದೆ ಎಲ್ಲ ಕಡೆ ಅವಳು ಕೇಳಿದ್ದು ಮುಯ್ಯಿಯನ್ನೇ. ತಾನು ಒಮ್ಮೆಯೂ ಮುಯ್ಯಿ ಮಾಡದವರ ಹತ್ತಿರವೂ ಕೇಳಿದಳು. ಯುಗಾದಿಗೆ ಮುಂಚೆ ಮಿಲ್ಲು ನಮ್ಮದಾಯಿತು.

ಮುಯ್ಯಿ ಮಾಡಿದವರು ಮುಯ್ಯಿಗಾಗಿ ಕಾಯುತ್ತಾರೆ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯುಗಾದಿ ಮುಗಿದು ಮದುವೆಗಳು ಶುರುವಾದದ್ದೇ ತಡ, ಲಗ್ನಪತ್ರಿಕೆಗಳು ಮಿಲ್ಲಿಗೆ ಬರತೊಡಗಿದವು. ನಮ್ಮ ಗಳಿಕೆಯೆಲ್ಲ ಸೋರುವ ಸೂರಿಗೇ ಹೋಗುತ್ತಿತ್ತು. "ಅದು ದೇಣಿಗಿ ಇತ್ತು ಅಂತ ಹೇಳಿಬಿಡೂಣಕ್ಕಾ," ಎಂದೆ. ಶಾಂತಕ್ಕ ಉರಿದುಬಿದ್ದಳು. "ಮುಯ್ಯಿ ಅಂತ ಇಸ್ಕೊಂಡು ಈಗ ದೇಣಿಗಿ ಅಂದ್ರ ಹೆಂಗ? ಅದು ಬಾಯೋ ಬಚ್ಚಲೋ?"

ರೊಕ್ಕವಿಲ್ಲದ್ದಕ್ಕೆ ರಟ್ಟೆಯಿಂದ ತೀರಿಸಿದಳು. ಪತ್ರಿಕೆ ಕೊಟ್ಟವರ ಮನೆಗೆ ಮದುವೆಗೆ ಮುಂಚೆಯೇ ಹೋಗಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿದು ರಾಶಿ ಹಾಕಿ ಬರುವಳು. ಮೊದಮೊದಲು ನಾವೂ ಜೊತೆಗೆ ಹೋದೆವು. ಆಮೇಲೆ ಒಬ್ಬೊಬ್ಬರಾಗಿ ನೆಪ ಹೇಳಿದೆವು. ಅವಳು ಬೈಯಲಿಲ್ಲ. ಒಬ್ಬಳೇ ಹೋದಳು.

ಅವಳು ಓಡಾಡುವುದನ್ನು ನಾನು ಕೊನೆಗೆ ನೋಡಿದ್ದು ಕುಕನೂರಿನ ಬಸ್ ನಿಲ್ದಾಣದಲ್ಲಿ. ಬಲಗೈ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲಿ ಕಂಬಿ ಹಿಡಿದು ಬಸ್ಸು ಹತ್ತುತ್ತಿದ್ದಳು. "ಸಾಕು ಮಾಡಕ್ಕಾ," ಎಂದೆ. "ಯಲಬುರ್ಗಾದ್ದೊಂದು ಮುಗೀಲಿ, ಆಮ್ಯಾಲೆ ಮಲಗೇ ಬಿಡ್ತೀನಿ," ಎಂದು ನಕ್ಕಳು. ಹಾಗೇ ಆಯಿತು. ಆ ಮದುವೆಯಿಂದ ಜ್ವರ ಹೊತ್ತು ಬಂದು ಮಲಗಿದವಳು ಏಳಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಒಂದು ಮಿಲ್ಲಿಗಾಗಿ ಇಷ್ಟು ಸವೆಯಬೇಕಿತ್ತೇ? ಸಿಟ್ಟು ಇಳಿದ ಮೇಲೆ ಅತ್ತೆ.

ಮೊನ್ನೆ ತಳಕಲ್ಲಿನ ಹೆಣ್ಣುಮಗಳೊಬ್ಬಳು ಪತ್ರಿಕೆ ಹಿಡಿದು ಮಿಲ್ಲಿಗೆ ಬಂದಳು. "ಶಾಂತಕ್ಕಾರು ಎಲ್ಲಿ ಅದಾರ್ರಿ?" ಹೋಗಿಬಿಟ್ಟಳು ಎಂದು ಹೇಳಿದೆ. ಅವಳು, "ಹಂಗಾರ ಆ ಮುಯ್ಯಿ ಅಲ್ಲಿಗೇ ಮುಗೀತು ಬಿಡ್ರಿ. ಸತ್ತವರನ್ನ ಏನ್ ಕೇಳೂದು," ಎಂದು ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದಳು.

ಬೆಳಗಿನಿಂದ ರೊಟ್ಟಿ ಬಡಿದು ನನ್ನ ರಟ್ಟೆ ಬಿದ್ದುಹೋಗಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕೈ ಚಾಚಿ ಪತ್ರಿಕೆ ಇಸಿದುಕೊಂಡೆ.

"ಮುಯ್ಯಿ ಅಕೀದಲ್ರಿ, ಮಿಲ್ಲಿಂದು," ಎಂದೆ. "ಎಂದು ಬರಬೇಕು ಹೇಳ್ರಿ."