ಬುರುಜಿನವ್ವನ ಎಡೆ

ಗಜೇಂದ್ರಗಡದ ಕೋಟೆಗುಡ್ಡದ ಬುಡಕ್ಕೆ ಅಂಟಿಕೊಂಡು ಒಂದು ಓಣಿ. ಆ ಓಣಿಯವರು ಮಟಮಟ ಮಧ್ಯಾಹ್ನ ಕಟ್ಟೆಯ ಮೇಲೆ ಕೂತರೆ ಗುಡ್ಡಕ್ಕೆ ಬೆನ್ನು ಕೊಟ್ಟೇ ಕೂಡುತ್ತಿದ್ದರು. ಯಾಕೆಂದು ಕೇಳಿದರೆ, "ಆಕಿ ಕ್ವಾಟಿ ಮ್ಯಾಲಿಂದ ನೋಡ್ತಿರ್ತಾಳ. ಕಣ್ಣಿಗೆ ಕಣ್ಣು ಬಿತ್ತಂದ್ರ ಕರೀತಾಳ" ಅನ್ನುತ್ತಿದ್ದರು. ಆಕೆ ಅಂದರೆ ಬುರುಜಿನವ್ವ.

ಅವಳ ಕಥೆ ಹೀಗೆ. ಕೋಟೆಯಲ್ಲಿ ಇನ್ನೂ ದಂಡು ಇದ್ದ ಕಾಲ. ಒಳಗೆ ಜೋಳ ಬೀಸುವ ಒಬ್ಬ ಹೆಣ್ಣುಮಗಳು. ಮೊಲೆ ಬಿಡದ ಕೂಸು. ಒಂದು ದಿನ ಕೂಸನ್ನು ಮಲಗಿಸಿ ಕಟ್ಟಿಗೆಗೆಂದು ಕೆಳಗಿಳಿದಳು. ಅಷ್ಟರಲ್ಲಿ ದೂರದಲ್ಲಿ ಧೂಳು ಕಂಡಿತು, ವೈರಿ ಬಂದನೆಂದು ಬಾಗಿಲು ಜಡಿದರು. ಓಡಿ ಬಂದು ಬಡಿದಳು, ತೆಗೆಯಲಿಲ್ಲ. ಒಳಗೆ ಕೂಸು ಅತ್ತಿತು, ಹೊರಗೆ ತಾಯಿ ಓಗೊಟ್ಟಳು. ಮೂರು ದಿನ ಹಾಗೇ. ನಾಲ್ಕನೆಯ ದಿನ ಎರಡೂ ದನಿ ಇರಲಿಲ್ಲ. ವೈರಿ ಬಂದಿರಲೇ ಇಲ್ಲವಂತೆ. ಯಾರದೋ ದನದ ಹಿಂಡು ಎಬ್ಬಿಸಿದ ಧೂಳಂತೆ.

ಹಸಿದು ಸತ್ತವಳಲ್ಲವೇ, ಅದಕ್ಕೇ ಅಮಾವಾಸ್ಯೆಗೊಮ್ಮೆ ಅವಳಿಗೆ ಎಡೆ. ಜೋಳದ ನುಚ್ಚು, ಪುಂಡಿಪಲ್ಯ. ಹೊತ್ತು ನೆತ್ತಿಗೆ ಬಂದಾಗ ಒಯ್ದು ಮುರುಕು ಬುರುಜಿನ ಮುಂದಿನ ಚಪ್ಪಡಿಯ ಮೇಲಿಟ್ಟು ತಿರುಗಿ ನೋಡದೆ ಇಳಿಯಬೇಕು. ಮುಖ್ಯ ನೇಮ ಒಂದೇ: ಎಡೆಗೆ ಉಪ್ಪು ಹಾಕಬಾರದು. ಉಪ್ಪು ಜೀವ ಇದ್ದವರ ಊಟ. ಸತ್ತವರಿಗೆ ಅದು ಗಾಯಕ್ಕೆ ಸುರಿದ ಹಾಗೆ ಉರಿಯುತ್ತದೆ ಎಂದು ಓಣಿಯ ನಂಬಿಕೆ.

ಎಡೆ ಒಯ್ಯುವ ಕೆಲಸ ಕಳಕವ್ವನ ಮನೆತನದ್ದು. ಗಂಡನನ್ನು ಕಳಕೊಂಡು ಕೂಲಿಯ ಮೇಲೆ ಹೇಮಪ್ಪ, ಮಾಳಪ್ಪ ಎಂಬ ಇಬ್ಬರು ಮಕ್ಕಳನ್ನು ಬೆಳೆಸಿದ ಮುದುಕಿ ಆಕೆ. ಹಿರಿಯ ಮಗ ಹೇಮಪ್ಪನಿಗೆ ಕೊಣ್ಣೂರಿನಿಂದ ತಂದ ಹೆಂಡತಿಯೇ ನಮ್ಮ ಹೊಳೆವ್ವ. ಎತ್ತರದ ಆಳು, ಅಗಲ ಬಾಯಿ, ಕಳೆ ತೆಗೆಯುವ ಸಾಲಿನಲ್ಲಿ ಅವಳಿದ್ದರೆ ಉಳಿದವರಿಗೆ ನಗುವುದೇ ಒಂದು ಕೆಲಸ. ಮದುವೆಯಾಗಿ ಬಂದ ವರ್ಷವೇ ಎಡೆಯ ಗಡಿಗೆ ಅವಳ ತಲೆಗೆ ಬಂತು. ಓಣಿಯ ಹೆಂಗಸರು ಅಂಜಿಸಲು ನೋಡಿದರೆ ಅವಳು ಅಂದಳಂತೆ: "ನಮ್ಮೂರಾಗ ಹೊಳಿ ಬಂತಂದ್ರ ಮನೀನ ಹೋಗ್ತಾವು. ನಿಮ್ಮ ದೆವ್ವ ಒಬ್ಬಾಕಿ, ಅದೂ ಹಸದಾಕಿ. ಆಕಿಗೇನ ಅಂಜೂದು?"

ಹೀಗೆ ಐದಾರು ವರ್ಷ ಕಳೆದವು. ಸಾವಿರದ ಒಂಬೈನೂರ ಐವತ್ತೊಂದರ ಮಾಘದಲ್ಲಿ ಒಂದು ಸಂಜೆ ಹೇಮಪ್ಪ ಒಲೆಯ ಮುಂದೆ ಕೂತು ಮಾತಾಡುತ್ತಿದ್ದ. ಹೊಳೆವ್ವನಿಗೆ ಏನೋ ಸುಟ್ಟ ವಾಸನೆ ಬಂತು. ನೋಡಿದರೆ ಅವನ ಅಂಗೈ ಕಾದ ಹಂಚಿನ ಅಂಚಿನ ಮೇಲಿತ್ತು. ಅವನು ಮಾತಾಡುತ್ತಲೇ ಇದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

ಬೆನ್ನ ಮೇಲಿನ ಬಿಳಿಚುಕ್ಕೆಗಳನ್ನು ಅವಳು ಮೊದಲೇ ಕಂಡಿದ್ದಳು. ಇಬ್ಬರಿಗೂ ತಿಳಿಯಿತು. ಮಹಾರೋಗ. ಕುಷ್ಠ ಎಂಬ ಮಾತನ್ನು ಆ ಮನೆಗಳಲ್ಲಿ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಅದು ಬಂದವನನ್ನು ಊರಾಚೆ ಇಡುತ್ತಿದ್ದರು, ಅವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ಕೊಟ್ಟಿದ್ದರೆ ಕರಕೊಂಡು ಹೋಗುತ್ತಿದ್ದರು. ತಮ್ಮ ಮಾಳಪ್ಪನಿಗೆ ಪುರ್ತಗೇರಿಯ ಹೆಣ್ಣು ಗೊತ್ತುಮಾಡಿ ಇನ್ನೂ ಹದಿನೈದು ದಿನವಾಗಿರಲಿಲ್ಲ.

"ನಾ ಇಲ್ಲಿ ಇರೂದು ಬ್ಯಾಡ," ಅಂದ ಹೇಮಪ್ಪ.

"ಮತ್ತ ಎಲ್ಲಿಗೆ ಹೋಗ್ತೀರಿ?"

ಅವನು ಗುಡ್ಡದ ಕಡೆ ನೋಡಿದ. "ಅಲ್ಲಿ ಯಾರೂ ಬರೂದಿಲ್ಲಲ್ಲ. ನೀ ಒಬ್ಬಾಕಿನ ಬರಾಕಿ."

ಮೂರು ದಿನದ ಮೇಲೆ ಕೋಟೆಯ ಹೊಂಡದ ದಂಡೆಯಲ್ಲಿ ಹೇಮಪ್ಪನ ರುಮಾಲು, ಕಾಲ್ಮರಿ ಚಪ್ಪಲಿ ಸಿಕ್ಕವು. ಹಗ್ಗ ಬಿಟ್ಟರು, ಕೊಕ್ಕೆ ಬಿಟ್ಟರು. ಹೆಣ ಸಿಗಲಿಲ್ಲ. ಓಣಿಯ ಹಿರಿಯ ಗುರುಸಂಗಪ್ಪ ಮೀಸೆ ಒರೆಸಿಕೊಂಡು, "ಹೆಣ ಬಿಡಾಕಿ ಅಲ್ಲ ಆಕಿ" ಅಂದ. ಕಳಕವ್ವ ಗುಡ್ಡದ ಕಡೆ ಕೈಮಾಡಿ, "ಎಡಿ ಹೊತ್ತ ಮನಿಯಾಗಿಂದನ ತಗೊಂಡ್ಯಲ್ಲ ನಮ್ಮವ್ವಾ! ಮತ್ಯಾರೂ ಸಿಗಲಿಲ್ಲೇನು?" ಎಂದು ಎದೆ ಬಡಿದುಕೊಂಡಳು. ಅತ್ತೆಯ ಪಕ್ಕದಲ್ಲಿ ಕೂತು ಹೊಳೆವ್ವನೂ ಅತ್ತಳು. ಅದು ಸುಳ್ಳಿನ ಅಳುವಾಗಿರಲಿಲ್ಲ.

ಒಂಬತ್ತನೆಯ ದಿನ ಅವಳು ಓಣಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಕನಸಿನಾಗ ಬಂದಿದ್ಳು. ದಿನಾ ಎಡಿ ಬೇಕಂತ. ದಿನಾ ಉಣಸಿದ್ರ ಅವರನ್ನ ಹೊಳ್ಳಿ ಕೊಡ್ತಾಳಂತ." ಯಾರೂ ಇಲ್ಲವೆನ್ನಲಿಲ್ಲ. ಮನೆಗೊಂದು ಹಿಡಿ ಜೋಳ ಬರತೊಡಗಿತು.

ಅಂದಿನಿಂದ ಆ ಗುಡ್ಡದ ಕಥೆಗಳನ್ನೆಲ್ಲ ಹುಟ್ಟಿಸಿದವಳು ಹೊಳೆವ್ವನೇ. ನೀವು ಇವತ್ತಿಗೂ ಆ ಕಡೆ ಕೇಳುವ ಅರ್ಧ ಕಥೆಗಳು ಅವಳವು. ಕುರಿ ಕಾಯುವವರು ಮೇಲೆ ಹೊಗೆ ಕಂಡರೆ, "ಆಕಿ ಕೂಸಿಗೆ ನೀರು ಕಾಸ್ತಾಳ" ಅನ್ನುವಳು. ಕೆಮ್ಮು ಕೇಳಿಸಿತೆಂದರೆ, "ಆಕಿ ಗಂಡ. ಕೊಡ್ಲಿ ಹಿಡಕೊಂಡು ಕೂತಿರ್ತಾನ" ಅನ್ನುವಳು. ಗಂಡಸರು ಮೇಲೆ ಹೋದರೆ ಎಡಗಣ್ಣು ಹೋಗುತ್ತದೆ ಎಂದು ಒಂದು ವರ್ಷ, ಎರಡೂ ಹೋಗುತ್ತವೆ ಎಂದು ಮರುವರ್ಷ. ಬಳೆ ಮಾರಲು ಬರುವ ಖಾಜಾಬಿ ಒಬ್ಬಳೇ ನಗುವವಳು. "ಏ ಹೊಳೆವ್ವ, ನಿನ್ನ ದೆವ್ವಕ್ಕ ಬಳಿ ಬೇಕೇನ ಕೇಳ. ಅಮಾಸಿ ದಿನ ಡಜನ್‌ಗೆ ಎರಡ ಜಾಸ್ತಿ ಕೊಡ್ತೀನಿ."

"ಆಕಿ ಕೈಯಾಗ ಎಲುಬು ಅಷ್ಟ ಅದಾವ ಖಾಜಾಬಿ, ಅಳತಿ ಹ್ಯಾಂಗ ತಗೋತಿ?"

ಖಾಜಾಬಿ ನಗುನಗುತ್ತಲೇ ಬುಟ್ಟಿ ಎತ್ತಿಕೊಂಡು ಲಗೂ ಲಗೂ ಹೋಗುವಳು.

ಹೇಮಪ್ಪ ಇದ್ದುದು ಕೋಟೆಯ ಹಳೆಯ ಮದ್ದಿನ ಮನೆಯಲ್ಲಿ, ಒಂದು ಕಾಲಕ್ಕೆ ತೋಪಿನ ಮದ್ದು ತುಂಬಿಡುತ್ತಿದ್ದ ಕಲ್ಲುಗೂಡಿನಲ್ಲಿ. ಚಪ್ಪಡಿಯ ಮೇಲೆ ಗಡಿಗೆ ಇಟ್ಟು ಹೊಳೆವ್ವ ಹತ್ತು ಮಾರು ದೂರ ಕೂಡಬೇಕು. ಹತ್ತಿರ ಬಂದರೆ ಅವನು ಎದ್ದು ಒಳಗೆ ಹೋಗಿಬಿಡುತ್ತಿದ್ದ. ಊರ ಸುದ್ದಿ ಹೇಳುವಳು, ಅವನು ಉಣ್ಣುತ್ತ ಕೇಳುವನು. "ದೆವ್ವ ಆಗೂದು ಹಗೂರ ಅಲ್ಲ ಬಿಡ," ಅಂದಿದ್ದ ಒಮ್ಮೆ. "ಸೀನು ಬಂದ್ರೂ ಸೀನಾಕ ಆಗೂದಿಲ್ಲ."

ಮೊದಲ ದಿನ ಅತ್ತೆಯ ಕಣ್ಣೆದುರು ಮಾಡಿದ ಉಪ್ಪಿಲ್ಲದ ಎಡೆಯನ್ನೇ ಅವಳು ಒಯ್ದಿದ್ದಳು. ಒಂದು ತುತ್ತು ಬಾಯಿಗಿಟ್ಟು ಅವನು ಗಡಿಗೆಯನ್ನು ಸರಿಸಿದ್ದ. "ಇದನ್ನ ತರಬ್ಯಾಡ ಹೊಳೆವ್ವ. ಊರ ಪಾಲಿಗೆ ಸತ್ತೀನಿ, ಆತು. ಉಪ್ಪಿನ ಊಟ ಉಣ್ಣೂತನಾ ನಿಮ್ಮ ಪಾಲಿಗರ ಜೀವಂತ ಅದೀನಿ ಅನಸ್ತೈತಿ." ಅಂದಿನಿಂದ ಎಡೆ ಮಾಡುವ ಕೆಲಸವನ್ನೂ ಅವಳೇ ಹಿಡಿದಳು. ಅತ್ತ ಇತ್ತ ನೋಡಿ ಪಲ್ಯಕ್ಕೆ ಒಂದು ಚಿಟಿಕೆ ಹಾಕುವಳು.

ಅವಳನ್ನು ಒಳಗೊಳಗೇ ತಿನ್ನುತ್ತಿದ್ದುದು ಅತ್ತೆಯ ದುಃಖ. ಓಣಿಯೆಲ್ಲ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತರೆ ಕಳಕವ್ವ ಈಗ ಮುಖ ಮಾಡಿ ಕೂಡುತ್ತಿದ್ದಳು. ನೋಡಿದರೆ ನೋಡಲಿ, ಕರೆದರೆ ಕರೆಯಲಿ. "ಅತ್ತಿಗೊಬ್ರಿಗೆ ಹೇಳ್ಲೇನು?" ಎಂದು ಹೊಳೆವ್ವ ಗಂಡನನ್ನು ಎಷ್ಟೋ ಸಲ ಕೇಳಿದಳು.

"ಹೇಳಿದ್ರ ಆಕಿ ಅಳಕೋತ ಓಡಿ ಬಂದು ನನ್ನ ತೆಕ್ಕಿಗೆ ಬೀಳ್ತಾಳ. ಸಂಜಿ ಆಗೂದ್ರಾಗ ಊರಿಗೆ ಗೊತ್ತಾಗ್ತೈತಿ. ಮಾಳಪ್ಪನ ಸಂಸಾರ ಮುರೀತೈತಿ. ನನ್ನ ಮ್ಯಾಲೆ ಆಣಿ ಐತಿ ನೋಡ ನಿನಗ."

ಹಾಗೆ ಮೂರು ವರ್ಷ.

ಐವತ್ನಾಲ್ಕರ ಆಷಾಢ. ಗಡಿಗೆ ತುಂಬಿಟ್ಟು ಹೊಳೆವ್ವ ತಲೆಗಿಡುವ ಇರಕಿ ತರಲು ಒಳಗೆ ಹೋದಾಗ, ಸೊಸೆಗೆ ತಲೆಗೆತ್ತಿ ಕೊಡೋಣವೆಂದು ಕಳಕವ್ವ ಗಡಿಗೆ ಎತ್ತಿದಳು. ಪಲ್ಯದ ರಸ ತುಳುಕಿ ಕೈಮೇಲೆ ಹರಿಯಿತು. ಎಡೆಯನ್ನು ರುಚಿ ನೋಡಬೇಕೆಂದಲ್ಲ. ಕೈಗೆ ಅಡುಗೆ ಹತ್ತಿದರೆ ಹೆಂಗಸರು ಮಾಡುವ ಹಾಗೆ ಕೈ ತಾನಾಗಿ ಬಾಯಿಗೆ ಹೋಯಿತು. ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೊಳೆವ್ವಾ, ಇದಕ್ಕ ಉಪ್ಪು ಹಾಕೀದಿ?"

ಹೊಳೆವ್ವ ಬಾಗಿಲಲ್ಲೇ ನಿಂತಳು.

"ಎಷ್ಟು ದಿನದಿಂದ?"

"ಮೊದಲಿಂದ, ಅತ್ತಿ."

ಯಾರಿಗೆ ಎಂದು ಆಕೆ ಕೇಳಿದ್ದರೆ ಹೊಳೆವ್ವ ಅಲ್ಲೇ ಹೇಳಿಬಿಡುತ್ತಿದ್ದಳೇನೋ. ಆದರೆ ಕಳಕವ್ವನ ಬುದ್ಧಿ ಆ ದಾರಿಗೆ ಹೋಗಲೇ ಇಲ್ಲ. ಹೇಗೆ ಹೋದೀತು? ಗುಡ್ಡದ ಮೇಲೆ ಇರುವವಳು ಒಬ್ಬಳೇ ಎಂದು ಹುಟ್ಟಿದಾಗಿನಿಂದ ಕೇಳಿದವಳು. "ಮೂರು ವರ್ಷ! ಹಸದ ಹೊಟ್ಟಿಗೆ ಮೂರು ವರ್ಷ ಉಪ್ಪು ಸುರುವಿದಿ! ಅದಕ್ಕ ಬಿಡವಲ್ಲಳು ನನ್ನ ಮಗನ್ನ! ನನ್ನ ಮಗನ್ನ ನೀನ ಹಿಡದು ಇಟ್ಟೀದಿ!"

ಆ ಕೊನೆಯ ಮಾತು ಎಷ್ಟು ಖರೇ ಎಂದು ಆಡಿದವಳಿಗೇ ಗೊತ್ತಿರಲಿಲ್ಲ.

ಗುರುಸಂಗಪ್ಪನ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಒಂಬತ್ತು ದಿನ ಹೊಳೆವ್ವ ಗುಡ್ಡ ಹತ್ತಕೂಡದು, ಎಡೆಯ ಗಡಿಗೆ ಮುಟ್ಟಕೂಡದು. ಒಂಬತ್ತು ದಿನವೂ ಕಳಕವ್ವನೇ ಮಾಡಿ ಒಯ್ಯಬೇಕು. ಹೊಳೆವ್ವ ಆ ಸಂಜೆ ಒಲೆಯ ಮುಂದೆ ಕೂತು ಲೆಕ್ಕ ಹಾಕಿದಳು. ಮಾಳಪ್ಪನ ಹೆಂಡತಿ ತುಂಬಿದ ಬಸುರಿ, ಬಾಣಂತನಕ್ಕೆ ಪುರ್ತಗೇರಿಗೆ ಹೋಗಿದ್ದಾಳೆ. ಈಗ ಸುದ್ದಿ ಹೊರಬಿದ್ದರೆ ಅವಳನ್ನೂ ಕೂಸನ್ನೂ ಹೊಳ್ಳಿ ಕಳಿಸುವುದಿಲ್ಲ. ಒಂಬತ್ತು ದಿನ ತಾನೇ. ಊಟವಂತೂ ಮುಟ್ಟುತ್ತದೆ. ಉಪ್ಪಿರುವುದಿಲ್ಲ, ಅಷ್ಟೇ. ಹತ್ತನೆಯ ದಿನ ಹೋಗಿ ಎಲ್ಲ ಹೇಳಿದರಾಯಿತು.

ಮೂರೂ ವರ್ಷ ಅಷ್ಟು ಎಚ್ಚರವಿದ್ದವಳು ಆ ಒಂದು ಲೆಕ್ಕದಲ್ಲಿ ತಪ್ಪಿದಳು.

ಕಳಕವ್ವ ಎಷ್ಟು ಪ್ರೀತಿಯಿಂದ ಎಡೆ ಮಾಡಿದಳೆಂದರೆ, ಜೋಳ ಆರಿಸಿ ಆರಿಸಿ ಒಡೆದಳು, ಯಾರ ಮನೆಯಿಂದಲೋ ತುಪ್ಪ ತಂದಳು, ಉಪ್ಪಿನ ಗಡಿಗೆಯನ್ನು ಹೊರಗೆ ದನದ ಕೊಟ್ಟಿಗೆಯಲ್ಲಿಟ್ಟಳು. ಮಂಡಿನೋವಿನ ಕಾಲೆಳೆಯುತ್ತ ಗುಡ್ಡ ಹತ್ತಿ ಇಟ್ಟು ಬಂದಳು.

ಎರಡನೆಯ ದಿನ ಬಂದು ಅಂದಳು: "ನಿನ್ನಿ ಇಟ್ಟದ್ದು ಪೂರಾ ಉಂಡಾಳ. ಗಡಿಗಿ ಬಳದಾಳ."

ಮೂರನೆಯ ದಿನ ಅವಳ ಮುಖ ಹಗುರವಾಗಿತ್ತು. "ಇವತ್ತ ಬಾಯಿಬಿಟ್ಟು ಕೇಳೀನಿ. ನನ್ನ ಮಗ ಸತ್ತಾನಂತ ತಿಳಕೊಂಡೀನವ್ವಾ, ಜೀವ ಬೇಡೂದಿಲ್ಲ. ಹೆಣ ಕೊಡು, ಮಣ್ಣು ಮಾಡಿ ಕಣ್ಣು ಮುಚ್ಚತೀನಿ ಅಂದೆ. ಚಪ್ಪಡಿಗೆ ಹಣಿ ಹಚ್ಚಿ ಅಂದೆ."

ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಕೈ ನಿಂತಿತು. ಮದ್ದಿನ ಮನೆಗೂ ಆ ಚಪ್ಪಡಿಗೂ ನಡುವೆ ಒಂದು ಬಿದ್ದ ಗೋಡೆ, ಅಷ್ಟೇ. ನಾಲ್ಕನೆಯ ದಿನ ಗಡಿಗೆಯಲ್ಲಿ ಅರ್ಧ ಎಡೆ ಉಳಿದಿತ್ತು. ಐದನೆಯ ದಿನ ಕಳಕವ್ವ ದಿಗಿಲಾಗಿ ಇಳಿದು ಬಂದಳು. "ಯಾಕ ಉಂಡಿಲ್ಲ? ನಿನ್ನಿದ್ದು ಹಾಂಗ ಐತಿ. ಇರಿವಿ ಮುತ್ಯಾವು."

ಹೊಳೆವ್ವ ಎದ್ದಳು. ಹಿರಿಯರ ಮಾತು, ಒಂಬತ್ತು ದಿನ, ಯಾವುದೂ ನೆನಪಿಗೆ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಗುಡ್ಡಕ್ಕೆ ಓಡಿದಳು. ಮದ್ದಿನ ಮನೆ ಕಸ ಹೊಡೆದಿಟ್ಟ ಹಾಗಿತ್ತು. ಒಲೆಯ ಕಲ್ಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದ. ಕಂಬಳಿ ಇರಲಿಲ್ಲ, ಕೋಲು ಇರಲಿಲ್ಲ. ಹೊಂಡದ ನೀರಿನ ಮೇಲೆ ಪಾಚಿ ಒಡೆದಿರಲಿಲ್ಲ. ನೀರಿಗೆ ಬಿದ್ದಿಲ್ಲ, ಅಷ್ಟು ಸಮಾಧಾನ. ಗುಡ್ಡದ ಆ ಮಗ್ಗುಲಿಗೆ ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಒಂದು ಕಾಲು ಎಳೆದುಕೊಂಡು ಇಳಿದುಹೋದ ಗುರುತಿತ್ತು. ಕೆಳಗೆ ದಾರಿಗೆ ಬಂದು ಗಾಡಿಯ ಜಾಡಿನಲ್ಲಿ ಅದು ಕಲೆತುಹೋಗಿತ್ತು.

ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಅವಳು ಬಾಯಲ್ಲಿ ಆಡಿದ್ದು ಅದೇ ಮೊದಲು.

ಹಿಂದೆ ತೇಕುತ್ತ ಕಳಕವ್ವ ಹತ್ತಿ ಬಂದಳು. ಸೊಸೆಗೆ ಗಾಳಿ ಹಿಡಿಯಿತೆಂದು ಹೊಡೆಯಲು ಕೋಲು ತಂದಿದ್ದಳು. ಚಪ್ಪಡಿ ದಾಟಿ ಆಕೆ ಒಂದು ಹೆಜ್ಜೆ ಇಟ್ಟವಳಲ್ಲ. ಅಂದು ದಾಟಿ ಬಂದು ಆ ಕಲ್ಲುಗೂಡನ್ನೂ ಒಲೆಯ ಮಸಿಯನ್ನೂ ನೋಡಿದಳು. ಹೊಳೆವ್ವ ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದಳು.

ಮುದುಕಿ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಹಾಕಿದಳು.

"ಇಲ್ಲೇ ಇದ್ನೇನು?"

"ಹೂಂರಿ."

"ನಾ ಅಂದದ್ದು ಕೇಳ್ಯಾನೇನು?"

"ಕೇಳೇ ಕೇಳಿರ್ತಾರ್ರಿ, ಅತ್ತಿ."

"ನನ್ನ ಕೈಲೆ ನನ್ನ ಮಗಗ ಸತ್ತವರ ಕೂಳು ಉಣಸಿದ್ನೆ?"

ಆಗ ಕಳಕವ್ವ ಕೂಗಿದ ಕೂಗು ಗುಡ್ಡ ಇಳಿದು ಓಣಿಯ ತನಕ ಕೇಳಿಸಿತು. ಕಟ್ಟೆಯ ಮೇಲಿದ್ದವರು ಗಡಬಡಿಸಿ ಎದ್ದು ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಯಾರೂ ಮೇಲೆ ಬರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಮಾತು ಹೊರಬಿಡಲಿಲ್ಲ. ಮಾಳಪ್ಪನಿಗೆ ಗಂಡುಕೂಸು ಹುಟ್ಟಿತು, ಹೆಂಡತಿ ತವರಿನಿಂದ ಬಂದಳು. ಹೇಮಪ್ಪ ಮನೆ ಬಿಟ್ಟದ್ದು ಯಾತಕ್ಕೋ ಅದು ಉಳಿಯಿತು.

ಆಮೇಲೆ ಅವರಿಬ್ಬರು ಹುಡುಕಲು ಹೊರಟರು. ಊರಿಗೆ ಹರಕೆ ಎಂದು ಹೇಳಿ, ರೊಟ್ಟಿ ಬುಟ್ಟಿ ಹೊತ್ತು, ಮಹಾರೋಗದವರು ಭಿಕ್ಷೆಗೆ ಸಾಲಾಗಿ ಕೂಡುವಲ್ಲೆಲ್ಲ ಹೋದರು. ಶ್ರಾವಣದಲ್ಲಿ ಕಾಲಕಾಲೇಶ್ವರನ ಮೆಟ್ಟಿಲು, ರೋಣದ ಸಂತೆ, ನರಗುಂದದ ಪೇಟೆ. ರೋಗ ಮುಖ ಕೆಡಿಸಿರುತ್ತದೆಂದು ಮುಖ ಬಿಟ್ಟು ಕಿವಿ ನೋಡುವರು, ಪಾದ ನೋಡುವರು. ಐವತ್ತೆಂಟರಲ್ಲಿ ಕಳಕವ್ವ ತೀರಿಕೊಂಡಳು. ಹೊಳೆವ್ವ ಒಬ್ಬಳೇ ಹೋಗತೊಡಗಿದಳು.

ಮರುವರ್ಷ ಕೊಣ್ಣೂರಿನ ಹೊಳೆದಂಡೆಯಲ್ಲಿ, ಅವಳ ತವರಿನಲ್ಲೇ, ಸಾಲಿನಲ್ಲಿದ್ದ ಒಬ್ಬ ಮುದುಕ ರೊಟ್ಟಿ ತಗೊಂಡು ಕೇಳಿದ: "ಯಾರನ್ನ ನೋಡ್ತಿ ಯವ್ವಾ, ಇಷ್ಟ ಬಗ್ಗಿ?"

"ನಮ್ಮವರನ್ನ. ಹೇಮಪ್ಪ ಅಂತ. ಗಜೇಂದ್ರಗಡದಾಂವ."

ಮುದುಕ ಸಾಲಿನುದ್ದಕ್ಕೂ ಕೂಗಿದ: "ಏ, ಹೇಮಪ್ಪ ಅನ್ನಾಂವ ಯಾರರ ಅದೀರೇನ್ರೋ? ಮನಿಯಾಕಿ ಬಂದಾಳ!"

ಕೆಲವರು ತಲೆ ತಗ್ಗಿಸಿದರು. ಒಬ್ಬ ಮುಸುಕು ಮುಂದಕ್ಕೆಳೆದುಕೊಂಡ. ಯಾರೂ ಓ ಅನ್ನಲಿಲ್ಲ.

"ಇಲ್ಲಿಗೆ ಬಂದ ಮ್ಯಾಲೆ ಯಾರೂ ಹೆಸರಿಟಗೊಳ್ಳೂದಿಲ್ಲ ತಂಗಿ," ಅಂದ ಮುದುಕ. "ಬಿಸಲಾಗೂದ್ರಾಗ ಮನಿ ಮುಟ್ಟು."

ಹೊಳೆವ್ವ ಸಾಲಿನ ತುದಿಯವರೆಗೆ ಹೋಗಿ ಒಬ್ಬೊಬ್ಬರ ಕೈಗೂ ರೊಟ್ಟಿ ಕೊಟ್ಟಳು. ಅಂಗೈಯ ಸುಟ್ಟ ಕಲೆ ಕಂಡೀತೇ ಎಂದು ಮುಸುಕಿನವನ ಮುಂದೆ ಸ್ವಲ್ಪ ಹೊತ್ತು ಕೂತಳು. ಅವನು ಕೈ ಹೊರಗೆ ತೆಗೆಯಲಿಲ್ಲ. ರೊಟ್ಟಿಯನ್ನು ಅವನ ಮುಂದಿನ ಅರಿವೆಯ ಮೇಲಿಟ್ಟು ಎದ್ದು ನಡೆದಳು.