ತೆರೆಯ ಮೇಲಿನ ಹಳೆಯ ಪ್ರಳಯಗಳು

ಇನ್ನೊಬ್ಬರ ಕಟ್ಟಡಕ್ಕೆ ಬೆಂಕಿ ಬಿದ್ದರೆ ನನಗೆ ಖುಷಿ. ಗಾಬರಿಯಾಗಬೇಡಿ, ತೆರೆಯ ಮೇಲೆ ಮಾತ್ರ. ಮಗುಚಿಕೊಂಡ ಹಡಗು, ಹೊತ್ತಿ ಉರಿಯುವ ಗಗನಚುಂಬಿ, ಪೈಲಟ್ಟೇ ಮೂರ್ಛೆಹೋದ ವಿಮಾನ, ಇಂಥ ಹಳೆಯ ಇಂಗ್ಲಿಷ್ ಚಿತ್ರಗಳೆಂದರೆ ಊಟ ಬಿಟ್ಟು ಕೂರುತ್ತೇನೆ. ಮೈಸೂರಿನಲ್ಲಿ ಕಾಲೇಜು ತಪ್ಪಿಸಿ ನೋಡುತ್ತಿದ್ದಾಗ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ಮುಳುಗುವವರ ಸಂಕಟಕ್ಕೆ ಭಾಷೆಯ ಹಂಗೇನು?

ಈಗ ನನ್ನ ಕೆಲಸ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಕಚೇರಿಯೊಂದರಲ್ಲಿ. ಕಳೆದ ಜನವರಿಯಲ್ಲಿ, ಇಲ್ಲಿನ ಕಡುಬೇಸಿಗೆಯಲ್ಲಿ, ಮಗಳು ಅನಘಾಳೊಂದಿಗೆ ಮೆಲ್ಬರ್ನಿನ ಕ್ಲೈಡ್ ನಾರ್ತ್‌ಗೆ, ಅಕ್ಕನ ಮನೆಗೆ ಹೋಗಿದ್ದೆ. ಅದು ಹೊಸ ಬಡಾವಣೆಯ ಕಟ್ಟಕಡೆಯ ಸಾಲು. ಹಿತ್ತಲ ಬೇಲಿಯಾಚೆ ಒಣಹುಲ್ಲಿನ ಬಯಲು. ಒಂದು ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲು. ಹದಿನಾರರ ಮಗಳಿಗೆ ನನ್ನ ಯೌವನದ ಪ್ರಳಯವೊಂದನ್ನು ತೋರಿಸಲು ಕೂತೆ. ಅಕ್ಕನೂ ಜೊತೆಗೆ ಕೂತಳು.

ಅಯ್ಯೋ, ಎಂಥ ಅವಮಾನ! ಆ ಮಹಾ ಹಡಗು ಆಟಿಕೆಯಂತಿತ್ತು. ಅಲೆಯಿಂದ ಸಿಡಿದ ಒಂದೊಂದು ಹನಿಯೂ ಹಡಗಿನ ಕಿಟಕಿಯಷ್ಟು ದೊಡ್ಡದು. ಸಾಗರವನ್ನೇ ಈಜಿ ಬಂದ ನಾಯಕನ ಬೈತಲೆ ಮಾತ್ರ ಕೆಟ್ಟಿರಲಿಲ್ಲ.

"ಡ್ಯಾಡ್, ದಟ್ಸ್ ಎ ಬಾತ್‌ಟಬ್!" ಎಂದಳು ಅನಘಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು.

ಈ ಚಿತ್ರಗಳಲ್ಲಿ ಒಬ್ಬ ಆಸಾಮಿ ಖಾಯಂ. ಅಪಾಯದ ಸುದ್ದಿ ಬಂದಾಗ ಕೈಬೀಸಿ, ಏನೂ ಆಗುವುದಿಲ್ಲ, ಔತಣ ನಡೆಯಲಿ ಎನ್ನುವವನು. ಅವನು ಯಾಕಿಷ್ಟು ಸ್ಟುಪಿಡ್ ಎಂದು ಮಗಳು ಕೇಳಿದಳು.

"ಕತೆ ನಡೀಬೇಕಲ್ಲ ಪುಟ್ಟಿ, ಅದಕ್ಕೆ ಇಟ್ಟಿರ್ತಾರೆ. ನಿಜವಾಗ್ಲೂ ಇಂಥೋರು ಇರಲ್ಲ," ಎಂದೆ, ಪಂಡಿತನಂತೆ.

ಆಗಲೇ ಮೂವರ ಫೋನುಗಳೂ ಒಟ್ಟಿಗೆ ಅರಚಿಕೊಂಡವು. ಹುಲ್ಲುಬಯಲಿಗೆ ಬೆಂಕಿ ಬಿದ್ದಿದೆ, ಈಗಲೇ ಹೊರಡಿ ಎಂಬ ಎಚ್ಚರಿಕೆ. ಅಕ್ಕ ಗಾಬರಿಯಿಂದ ಎದ್ದಳು. ನಾನು ಪರದೆ ಸರಿಸಿ ನೋಡಿದೆ. ದೂರದಲ್ಲಿ, ಯಾರೋ ಜೋಳ ಸುಡುತ್ತಿರುವಷ್ಟು ಹೊಗೆ.

"ತುಂಬಾ ದೂರ ಇದೆ ಕಣಕ್ಕ. ಗಾಳಿನೂ ಆ ಕಡೆಗೇ ಇದೆ. ಇನ್ನಿಪ್ಪತ್ತು ನಿಮಿಷ, ಸಿನಿಮಾ ಮುಗಿಸಿಬಿಡೋಣ."

ಎಂಜಿನಿಯರ್ ತಮ್ಮನ ಮಾತು ನಂಬಿ ಅಕ್ಕ ಮತ್ತೆ ಕೂತಳು. ನೆನೆದರೆ ಈಗಲೂ ಮೈ ಬೆವರುತ್ತದೆ.

ಬಾಗಿಲು ದಬದಬ ಬಡಿದ ಸದ್ದಾಯಿತು. ಪಕ್ಕದ ಮನೆಯ ಕಮಲಾ ಆಂಟಿ, ಎಪ್ಪತ್ತಾರು ದಾಟಿದ ನಿವೃತ್ತ ಡಾಕ್ಟರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಾರಿನ ಕೀ.

"ಇನ್ನೂ ಕೂತಿದ್ದೀರಾ? ಲೀವ್ ನೌ ಅಂತ ಮೆಸೇಜ್ ಬಂದಿಲ್ವಾ?"

"ಬಂತು ಆಂಟಿ, ಆದ್ರೆ ಗಾಳಿ..."

"ಗಾಳಿ ನಿನ್ನ ಪರ್ಮಿಷನ್ ಕೇಳಲ್ಲಪ್ಪ. ಏಳು ಮೇಲೆ!"

ಅನಘಾ ಆಗಲೇ ಶೂ ಹಾಕಿಕೊಂಡಿದ್ದಳು. ನನ್ನ ಮುಖವನ್ನೊಮ್ಮೆ ನೋಡಿ, ಟಿವಿ ಆರಿಸಿದಳು. ಸ್ಟುಪಿಡ್ ಎಂದೇ ಬೈದಿದ್ದರೆ ಹಗುರವಾಗುತ್ತಿತ್ತು.

ಎರಡು ಕಾರುಗಳಲ್ಲಿ ಹೊರಟೆವು. ತಿರುವು ದಾಟುವಷ್ಟರಲ್ಲಿ ಗಾಳಿ ತಿರುಗಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬೀದಿಯೇ ಇಲ್ಲ, ಬರೀ ಕಂದು ಹೊಗೆ. ಹಿಂದಿನ ಸೀಟಿನಿಂದ ಮಗಳ ಕೈ ನನ್ನ ಭುಜವನ್ನು ಹಿಡಿಯಿತು. ಪಕ್ಕದ ಕ್ರಾನ್‌ಬರ್ನ್‌ ತಲುಪುವವರೆಗೂ ಬಿಡಲಿಲ್ಲ. ಅಲ್ಲಿನ ಮಾಲ್‌ ಒಂದರ ಕಾರ್ ಪಾರ್ಕಿನಲ್ಲಿ ಕಮಲಾ ಆಂಟಿ ನನ್ನ ನಾಡಿ ಹಿಡಿದು, "ನೂರಾ ಹತ್ತು. ಕೂತ್ಕೋ ಹೀರೋ," ಎಂದರು.

ಸಂಜೆ ಹಿಂದಿರುಗಲು ಅನುಮತಿ ಸಿಕ್ಕಿತು. ಅಗ್ನಿಶಾಮಕದವರು ಬೆಂಕಿಯನ್ನು ಹಿತ್ತಲಲ್ಲೇ ತಡೆದಿದ್ದರು. ಅಕ್ಕನ ಬೇಲಿ ಇದ್ದಲಾಗಿತ್ತು. ನಾವು ಕೂತಿದ್ದ ಕೋಣೆಯ ಕಿಟಕಿಗಾಜು ಬಿರುಕು ಬಿಟ್ಟಿತ್ತು.

ಹಾಗಾಗಿ ಆ ಹಳೆಯ ಚಿತ್ರಗಳು ಇಂದಿಗೂ ನೋಡುವಂತಿವೆಯೇ ಎಂದರೆ, ಧೈರ್ಯವಾಗಿ ಹೌದೆನ್ನುತ್ತೇನೆ. ಅವನ್ನು ತೆಗೆದವರಿಗೆ ಸಮುದ್ರ ಮಾಡಲು ಬರಲಿಲ್ಲ. ಮನುಷ್ಯನನ್ನು ಮಾಡಲು ಬಂತು.

ಮೊನ್ನೆ ಆಫೀಸಿನಲ್ಲಿ ಫೈರ್ ಅಲಾರ್ಮ್ ಕೂಗಿತು. ದಾವಣಗೆರೆಯ ಪ್ರಸಾದ, ನಮ್ಮ ತಂಡದವನು, "ಡ್ರಿಲ್ ಇರ್ಬೇಕು ಬಿಡಿ ಸಾರ್, ಈ ಮೇಲ್ ಒಂದು ಕಳಿಸ್ತೀನಿ," ಎಂದ. ಅವನ ಲ್ಯಾಪ್‌ಟಾಪ್ ಮುಚ್ಚಿ, ಇಡೀ ತಂಡವನ್ನು ಆರು ಮಹಡಿ ಇಳಿಸಿದೆ. ನಾಲ್ಕನೆಯ ಮಹಡಿಯಲ್ಲಿ ಯಾರೋ ಬ್ರೆಡ್ಡು ಸೀಯಿಸಿದ್ದರಂತೆ.

"ಒಂದು ಟೋಸ್ಟ್‌ಗೆ ಇಷ್ಟು ಓಡಿಸಿದ್ರಲ್ಲ ಸಾರ್!" ಎಂದು ಹುಲ್ಲಿನ ಮೇಲೆ ನಿಂತು ಎಲ್ಲರೂ ನಕ್ಕರು. ನಾನೂ ನಕ್ಕೆ. ಜೀವಸಹಿತ ನಿಂತು ಪೆದ್ದನೆನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅದರ ಮೇಲೆ ಯಾರೂ ಸಿನಿಮಾ ತೆಗೆದಿಲ್ಲ, ತೆಗೆದರೂ ಓಡುವುದಿಲ್ಲ.